ಚಿತ್ರದ ತರಗತಿಯಲ್ಲಿ ಗುಣಪರೀಕ್ಷೆ

ಶಿಷ್ಯರ ಕಲೆಯನ್ನು ಪರೀಕ್ಷಿಸಿ ಅದರಿಂದ ಗುರುವಿನ ಯೋಗ್ಯತೆಯನ್ನು ನಿರ್ಣಯಿಸುವ ಪ್ರಸಂಗವೊಂದನ್ನು ಕಾಳಿದಾಸನು ಮಾಲವಿಕಾಗ್ನಿಮಿತ್ರದ ಮೊದಲೆರಡು ಅಂಕಗಳಲ್ಲಿ ರಚಿಸಿದ್ದಾನೆ. ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮಲ್ಲಿ ಹೆಚ್ಚಿನವನಾರೆಂಬ ಕಲಹ ಹುಟ್ಟಿ, ವಾದವು ರಾಜನ ಮುಂದೆ ಬರುತ್ತದೆ. ಪರಿವ್ರಾಜಿಕೆಯಾದ ಕೌಶಿಕಿಯು ತೀರ್ಪು ಹೇಳುವವಳಾಗುತ್ತಾಳೆ. ನಾಟ್ಯವು ಪ್ರಯೋಗವೇ ಮುಖ್ಯವಾದ ಶಾಸ್ತ್ರ, ಅದರಲ್ಲಿ ಬಾಯಿಮಾತಿನ ವಾದದಿಂದ ಫಲವಿಲ್ಲ, ಶಿಷ್ಯೆಯರ ಪ್ರಯೋಗವನ್ನೇ ನೋಡತಕ್ಕದ್ದು ಎಂಬುದು ಅವಳ ಮೊದಲನೆಯ ಸೂಚನೆ. ಅಂಗಸೌಷ್ಠವವು ಚೆನ್ನಾಗಿ ತೋರುವಂತೆ ಪಾತ್ರಗಳು ಮಿತವಾದ ವೇಷದಲ್ಲಿ ಬರಲಿ ಎಂಬುದು ಎರಡನೆಯದು. ಆ ಪರೀಕ್ಷೆಯು ನಿಜವಾದ ಪರೀಕ್ಷೆಯಲ್ಲವೆಂಬುದನ್ನು ನಾಟಕವನ್ನು ಓದಿದವರೆಲ್ಲರೂ ಬಲ್ಲರು. ಮಾಲವಿಕೆಯನ್ನು ರಾಜನ ಕಣ್ಣಿಗೆ ಬೀಳಿಸುವುದಕ್ಕಾಗಿ ವಿದೂಷಕನು ಹೂಡಿದ ತಂತ್ರವದು. ತೀರ್ಪುಗಾರ್ತಿಯೂ ಅದರಲ್ಲಿ ಭಾಗಿ. ಗಣದಾಸನ ಶಿಷ್ಯೆಯ ನಾಟ್ಯ ಮುಗಿಯುತ್ತಲೇ ಮಧ್ಯಾಹ್ನವಾಯಿತೆಂದು ಸಭೆ ಏಳುತ್ತದೆ, ಪಾಪ, ಹರದತ್ತನ ಸರದಿ ಮರುದಿನಕ್ಕೆ ನಿಲ್ಲುತ್ತದೆ.

ಪರೀಕ್ಷೆಯು ಕಪಟದ್ದಾದರೂ ಪರೀಕ್ಷಕಿಯ ಸೂಚನೆಗಳು ಕಪಟದವಲ್ಲ. ಪ್ರಯೋಗವನ್ನು ಕಣ್ಣಾರೆ ನೋಡಬೇಕು. ಅಲಂಕಾರದ ಹೊದಿಕೆಯನ್ನು ಸರಿಸಿ ನೋಡಬೇಕು. ಕಲೆಯನ್ನು ಕಲಿಸುವೆವೆಂದು ಹೇಳಿಕೊಳ್ಳುವ ಸ್ಥಳಗಳಲ್ಲಿ ಈ ಎರಡೂ ಅಪರೂಪವಾಗಿರುವ ಸ್ಥಳವೊಂದುಂಟಾದರೆ ಅದು ಶಾಲೆಯ ಡ್ರಾಯಿಂಗ್ ತರಗತಿ.

೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಮಗುವಿನ ಕಲಿಕೆಯನ್ನು ವ್ಯಾಪಕವಾಗಿಯೂ ನಿರಂತರವಾಗಿಯೂ ಬೆಲೆಕಟ್ಟಬೇಕೆಂಬ ವಿಧಿ ಅದರ ೨೯ನೆಯ ಪ್ರಕರಣದಲ್ಲಿದೆ. ಕಲೆಗಳೂ ಶಾಲೆಯ ಎಲ್ಲ ಹಂತಗಳಲ್ಲಿ ಪಾಠದ ವಿಷಯಗಳಾಗಿರಬೇಕೆಂದು ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಅದಕ್ಕೆ ಮೊದಲೇ ಹೇಳಿತ್ತು. ಕರ್ನಾಟಕದ ಶಾಲೆಗಳಲ್ಲಿ ಆ ವಿಧಿಯು ರೂಪಣಾತ್ಮಕ, ಸಂಕಲನಾತ್ಮಕ ಎಂಬ ಎರಡು ಬಗೆಯ ಮೌಲ್ಯಮಾಪನಗಳಾಗಿ ಬಂದಿತು. ಚಿತ್ರ, ಸಂಗೀತ, ನಾಟಕಗಳು ಸಹಪಠ್ಯದ ಭಾಗದಲ್ಲಿ ನಿಂತವು. ಕಾಯಿದೆಯ ಮಾತು ಸರಿಯಾದುದೇ. ಇತರ ವಿಷಯಗಳಿಗಿಂತ ಚಿತ್ರಕ್ಕೆ ಅದು ಹೆಚ್ಚು ಒಪ್ಪುವ ಮಾತು. ಲೆಕ್ಕದ ಉತ್ತರವು ಒಂದು ದಿನದ ಕಾಗದದ ಮೇಲೆ ಸರಿಯಾಗಿಯೋ ತಪ್ಪಾಗಿಯೋ ನಿಂತುಬಿಡುತ್ತದೆ. ಚಿತ್ರದಲ್ಲಿ ಅಂತಹ ಉತ್ತರವಿಲ್ಲ. ಒಂದು ಹಾಳೆಯಿಂದ ಇನ್ನೊಂದು ಹಾಳೆಗೆ ಮಗು ಇಟ್ಟ ಹೆಜ್ಜೆ ಮಾತ್ರವಿದೆ.

ಆದರೆ ಈ ಮಾತು ದಫ್ತರಕ್ಕೆ ಇಳಿದಾಗ ಅನೇಕ ಕಡೆ ಆಗಿರುವುದೇ ಬೇರೆ. ಕಲಾಶಿಕ್ಷಣದ ಕಾಲಂ ತುಂಬುವ ಹೊತ್ತಿಗೆ ಉಪಾಧ್ಯಾಯರ ಮುಂದೆ ಚಿತ್ರಗಳಿರುವುದಿಲ್ಲ, ಹೆಸರಿನ ಪಟ್ಟಿಯಿರುತ್ತದೆ. ಡ್ರಾಯಿಂಗ್ ಮೇಷ್ಟ್ರು ಇಲ್ಲದ ಶಾಲೆಯಲ್ಲಿ ಲೆಕ್ಕದವರೋ ಕನ್ನಡದವರೋ ಆ ಕೆಲಸವನ್ನು ಮುಗಿಸುತ್ತಾರೆ. ಲೆಕ್ಕದಲ್ಲಿ ಚುರುಕಾದವನಿಗೆ ಚಿತ್ರದಲ್ಲಿಯೂ ‘ಎ’ ಶ್ರೇಣಿ. ಹಿಂದಿನ ಬೆಂಚಿನವನು ಚಿತ್ರದಲ್ಲಿಯೂ ಹಿಂದಿನವನು. ಇದರಿಂದ ಯಾರಿಗೇನು ನಷ್ಟವೆಂದು ಗೃಹಸ್ಥರು ಕೇಳಬಹುದು. ಅಕ್ಷರದಲ್ಲಿ ತಡವಾದ, ಆದರೆ ಕಣ್ಣು ಚುರುಕಾದ ಮಗು ಪ್ರತಿಯೊಂದು ಶಾಲೆಯಲ್ಲಿಯೂ ಒಂದೆರಡಾದರೂ ಇರುತ್ತದೆ. ವಾರದ ಅಷ್ಟೂ ಪೀರಿಯಡ್ಡುಗಳಲ್ಲಿ ಆ ಮಗುವು ಯಾರ ಕಣ್ಣಿಗಾದರೂ ಬೀಳಬಹುದಾದುದು ಒಂದೇ ಪೀರಿಯಡ್ಡಿನಲ್ಲಿ. ಅಲ್ಲಿಯೂ ಅದರ ಹಾಳೆಯನ್ನು ನೋಡದೆ ಶ್ರೇಣಿಯನ್ನು ಬರೆದುಬಿಟ್ಟರೆ ಆ ಮಗುವಿಗೆ ಶಾಲೆಯು ಪೂರ್ತಿಯಾಗಿ ಮುಚ್ಚಿದಂತೆಯೇ. ತನ್ನ ಚಿತ್ರವನ್ನು ಉಪಾಧ್ಯಾಯರು ನೋಡಿದರೋ ಇಲ್ಲವೋ ಎಂಬುದು ಮಗುವಿಗೆ ತಿಳಿಯದೆ ಹೋಗುವುದಿಲ್ಲ.

ನೋಡಿದರೂ ಏನನ್ನು ನೋಡುತ್ತಾರೆಂಬುದು ಇನ್ನೊಂದು ಪ್ರಶ್ನೆ. ಕನ್ನಡನಾಡಿನ ಯಾವ ಶಾಲೆಯ ಮಕ್ಕಳಿಗಾದರೂ ಹಾಳೆ ಕೊಟ್ಟು ‘ಒಂದು ಸೀನರಿ ಬರೆಯಿರಿ’ ಎಂದರೆ ಬರುವ ಚಿತ್ರ ಬಹುತೇಕ ಒಂದೇ. ಎರಡು ತ್ರಿಕೋಣದ ಬೆಟ್ಟ. ನಡುವೆ ಕಿರಣ ಚಾಚಿದ ಅರ್ಧ ಸೂರ್ಯ. ಅಲ್ಲಿಂದ ಹಾವಿನಂತೆ ಇಳಿದು ಬರುವ ಹೊಳೆ. ದಡದಲ್ಲಿ ಬಾಗಿದ ಒಂದು ತೆಂಗಿನ ಮರ, ಒಂದು ಗುಡಿಸಲು. ಮೇಲೆ ಟಿಕ್ ಗುರುತಿನಂತಹ ನಾಲ್ಕು ಹಕ್ಕಿ. ಈ ಚಿತ್ರವನ್ನು ಯಾವ ಮಗುವೂ ಕಂಡು ಬರೆದುದಲ್ಲ. ಅಣ್ಣನಿಂದ ತಮ್ಮನಿಗೆ, ಬೋರ್ಡಿನಿಂದ ಹಾಳೆಗೆ ಇಳಿದು ಬಂದುದು. ಬಾಗೂರಿನ ಆಸುಪಾಸಿನ ಮಗುವು ಇದನ್ನು ಬರೆದರಂತೂ ಆಶ್ಚರ್ಯಪಡಬೇಕಾದುದು ಬಹಳವಿದೆ. ಚನ್ನರಾಯಪಟ್ಟಣದ ಸೀಮೆ ತೆಂಗಿನ ಸೀಮೆ. ಹಾಳೆಯ ಮೇಲಿನ ಮರಕ್ಕೆ ಐದು ಗರಿಯಾದರೆ ಕಿಟಕಿಯಾಚೆಯ ಮರಕ್ಕೆ ಹಾಗಿಲ್ಲ. ಅದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಎರಡು ಬೆಟ್ಟಗಳು, ಚಿಕ್ಕಬೆಟ್ಟವೆಂಬ ಚಂದ್ರಗಿರಿಯೂ ದೊಡ್ಡಬೆಟ್ಟವೆಂಬ ವಿಂಧ್ಯಗಿರಿಯೂ, ನಿಜವಾಗಿಯೇ ಎದುರುಬದುರಾಗಿ ನಿಂತಿವೆ. ನಡುವೆ ನೀರೂ ಇದೆ, ಕಲ್ಯಾಣಿಯಾಗಿ. ಆದರೆ ಅವು ತ್ರಿಕೋಣಗಳಲ್ಲ. ಬೆನ್ನು ದುಂಡಗಾದ ಬೋಳು ಬಂಡೆಗಳು. ಹೊಳೆಯ ಮಾತಿಗೆ ಬಂದರೆ, ಹೇಮಾವತಿಯ ನೀರು ಆ ಕಡೆ ಹರಿಯುವುದು ನಾಲೆಯಲ್ಲಿ. ಬಾಗೂರಿಗೂ ನವಿಲೆಗೂ ನಡುವೆ ಅದು ಸುರಂಗವನ್ನು ಹೊಕ್ಕು ನೆಲದಡಿಯಲ್ಲಿಯೇ ಸಾಗುತ್ತದೆ. ನೀರು ನೆಲದೊಳಗೆ ಮಾಯವಾಗುವ ಅಂತಹ ದೃಶ್ಯ ಹತ್ತಿರದಲ್ಲಿಯೇ ಇರುವಾಗ ಮಗುವು ತಾನು ಕಾಣದ ಹೊಳೆಯನ್ನು ಕಾಣದ ಬೆಟ್ಟದಿಂದ ಇಳಿಸುತ್ತದೆ, ಮತ್ತು ಅದಕ್ಕೆ ‘ಎ’ ಪಡೆಯುತ್ತದೆ.

ಏಳನೆಯ ತರಗತಿಯಲ್ಲಿ ಇಬ್ಬರು ಮಕ್ಕಳಿರಲಿ. ಒಬ್ಬನು ಸ್ಕೇಲು ಹಿಡಿದು ಎರಡು ತ್ರಿಕೋಣಗಳನ್ನು ಎಳೆದು, ಗೆರೆ ಮೀರದಂತೆ ಕ್ರೇಯಾನ್ ತುಂಬಿ, ಸುತ್ತಲೂ ಬಳ್ಳಿಯ ಅಂಚು ಹಾಕಿದ್ದಾನೆ. ಇನ್ನೊಬ್ಬಳು ಬೆಟ್ಟವನ್ನು ದುಂಡಗೆ ಮಾಡಹೋಗಿ ಮೂರು ಸಲ ಗೆರೆ ತಪ್ಪಿಸಿ, ಮೆಟ್ಟಲುಗಳನ್ನು ಬಂಡೆಯ ಮೇಲೆ ಹತ್ತಿಸಲಾರದೆ ನಡುವೆಯೇ ಬಿಟ್ಟು, ಹಾಳೆಯನ್ನು ಕೊಳೆಮಾಡಿ ತಂದಿದ್ದಾಳೆ. ಅಂಕ ಯಾರಿಗೆ ಹೆಚ್ಚು? ರೂಢಿಯು ಮೊದಲನೆಯವನಿಗೆ ಕೊಡುತ್ತದೆ. ಆದರೆ ಮೊದಲನೆಯವನು ಮೂರನೆಯ ತರಗತಿಯಲ್ಲಿ ಬಲ್ಲದ್ದನ್ನೇ ಏಳನೆಯದರಲ್ಲಿಯೂ ಬರೆದಿದ್ದಾನೆ. ಎರಡನೆಯವಳು ಬಂಡೆಯು ದುಂಡಗಿದೆ ಎಂಬುದನ್ನು ಕಂಡಿದ್ದಾಳೆ, ದುಂಡಾದುದರ ಮೇಲೆ ಮೆಟ್ಟಲನ್ನು ಹೇಗೆ ತೋರಿಸುವುದೆಂಬ ಪ್ರಶ್ನೆಯನ್ನೂ ಎದುರಿಸಿದ್ದಾಳೆ. ಅವಳ ತಪ್ಪು ಕಲಿಕೆಯ ತಪ್ಪು. ಅವನ ಶುದ್ಧಿ ಕಲಿಯದುದರ ಶುದ್ಧಿ.

ಇಲ್ಲಿ ವಯಸ್ಸಿನ ಮಾತೊಂದನ್ನು ಸೇರಿಸದಿದ್ದರೆ ಎಳೆಯ ಮಕ್ಕಳಿಗೆ ಅನ್ಯಾಯವಾದೀತು. ಆಸ್ಟ್ರಿಯದಿಂದ ಅಮೆರಿಕಕ್ಕೆ ಹೋಗಿ ನೆಲಸಿದ ವಿಕ್ಟರ್ ಲೋವೆನ್‌ಫೆಲ್ಡ್ ೧೯೪೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಕ್ಕಳ ಚಿತ್ರವು ವಯಸ್ಸಿಗೆ ತಕ್ಕಂತೆ ಹಾಯುವ ಹಂತಗಳನ್ನು ವಿವರಿಸಿದ್ದಾನೆ. ಸುಮಾರು ಏಳರಿಂದ ಒಂಬತ್ತು ವರ್ಷದ ಮಗು ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಒಂದು ಸಂಕೇತವನ್ನು ಕಟ್ಟಿಕೊಂಡು ಅದನ್ನೇ ಮತ್ತೆ ಮತ್ತೆ ಬರೆಯುತ್ತದೆ. ಅದು ಆ ವಯಸ್ಸಿನ ಧರ್ಮ, ದೋಷವಲ್ಲ. ಆದುದರಿಂದ ಎರಡನೆಯ ತರಗತಿಯ ಮಗುವಿನ ತ್ರಿಕೋಣದ ಬೆಟ್ಟವನ್ನು ಕಂಡು ಉಪಾಧ್ಯಾಯರು ಹುಬ್ಬುಗಂಟಿಕ್ಕಬೇಕಾಗಿಲ್ಲ. ಕಟ್ಟಿಕೊಂಡ ಸಂಕೇತ ಮಗುವಿನದೇ ಅಥವಾ ಬೋರ್ಡಿನದೇ ಎಂದು ಮಾತ್ರ ವಿಚಾರಿಸಬೇಕು. ಹನ್ನೆರಡನೆಯ ವರ್ಷದಲ್ಲಿಯೂ ಅದೇ ತ್ರಿಕೋಣವಿದ್ದರೆ ಆಗ ತಪ್ಪು ಕಲಿಸಿದವರದು.

ಚಿತ್ರವನ್ನು ನೋಡುವವರ ಭೇದವನ್ನು ಈ ದೇಶದ ಶಾಸ್ತ್ರವೂ ಬಲ್ಲದು. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿರುವ ಚಿತ್ರಸೂತ್ರದ ಅಭಿಪ್ರಾಯದಂತೆ ಆಚಾರ್ಯರು ರೇಖೆಯನ್ನು ಮೆಚ್ಚುತ್ತಾರೆ, ವಿಚಕ್ಷಣರು ನೆರಳುಬೆಳಕಿನಿಂದ ಉಬ್ಬುತಗ್ಗು ತೋರಿಸುವ ವರ್ತನೆಯನ್ನು, ಸ್ತ್ರೀಯರು ಭೂಷಣವನ್ನು, ಉಳಿದ ಜನರು ಬಣ್ಣದ ಸಮೃದ್ಧಿಯನ್ನು. ಈ ಲೆಕ್ಕದಲ್ಲಿ ಒಂದೇ ಹಾಳೆಯನ್ನು ನಾಲ್ವರ ಕೈಗೆ ಕೊಟ್ಟರೆ ನಾಲ್ಕು ಅಂಕ ಬರುವುದು ನಿಶ್ಚಯ. ಅಂತರಶಾಲಾ ಚಿತ್ರಸ್ಪರ್ಧೆಗಳ ಬಹುಮಾನಗಳನ್ನು ನೋಡಿದರೆ ತೀರ್ಪುಗಾರರಲ್ಲಿ ನಾಲ್ಕನೆಯ ಗುಂಪಿನವರೇ ಬಹಳವೆಂದು ತೋರುತ್ತದೆ. ಸ್ತ್ರೀಯರ ವಿಷಯದಲ್ಲಿ ಗ್ರಂಥಕಾರನ ಮಾತನ್ನು ಒಪ್ಪುವುದು ಕಷ್ಟ. ಈ ನಾಡಿನ ಮನೆಗಳಲ್ಲಿ ರೇಖೆಯನ್ನು ಬಲ್ಲವರು ಯಾರಾದರೂ ಇದ್ದರೆ ಬೆಳಗಾಗ ಬಾಗಿಲಿಗೆ ರಂಗವಲ್ಲಿ ಹಾಕುವ ಹೆಣ್ಣುಮಕ್ಕಳೇ.

ಆ ರಂಗವಲ್ಲಿಯ ಕಲಿಕೆಯನ್ನೇ ಸ್ವಲ್ಪ ನಿಂತು ನೋಡತಕ್ಕದ್ದು. ಚಾಲುಕ್ಯರ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಧೂಳೀಚಿತ್ರವೆಂಬುದನ್ನು ಚಿತ್ರದ ಪ್ರತ್ಯೇಕ ಭೇದವಾಗಿ ಹೇಳಿದೆ. ಅಂದಮೇಲೆ ಇದು ಅಡಿಗೆಮನೆಯ ಹವ್ಯಾಸವೆಂದು ತಳ್ಳುವಂತಹುದಲ್ಲ. ಚುಕ್ಕಿಯ ರಂಗೋಲೆಯನ್ನು ಕಲಿಯುವ ಹುಡುಗಿಗೆ ಜಗಲಿಯ ಮೇಲೆ ಕುಳಿತ ಅಜ್ಜಿ ಅಂಕ ಕೊಡುವುದಿಲ್ಲ. ‘ಒಂದು ಚುಕ್ಕಿ ಹೊರಗುಳಿಯಿತು ನೋಡೇ’ ಎನ್ನುತ್ತಾಳೆ, ಅಥವಾ ಗೆರೆ ಎಲ್ಲಿ ನಡುಗಿತೆಂದು ಬೆರಳು ತೋರಿಸುತ್ತಾಳೆ. ಮರುದಿನ ಅದೇ ರಂಗೋಲೆ ಮತ್ತೆ. ಅದು ಕೈಗೆ ಹತ್ತಿದ ಬೆಳಗ್ಗೆ ಎರಡು ಸಾಲು ಚುಕ್ಕಿ ಹೆಚ್ಚಾಗುತ್ತದೆ. ಆ ಎರಡು ಸಾಲು ಚುಕ್ಕಿಯೇ ಅಜ್ಜಿಯ ಮೌಲ್ಯಮಾಪನ.

ಚಿತ್ರಗಾರರ ಮನೆಗಳಲ್ಲಿಯೂ ಹೀಗೆಯೇ ನಡೆಯುತ್ತಿತ್ತು. ಮೈಸೂರಿನ ಸಾಂಪ್ರದಾಯಿಕ ಚಿತ್ರದಲ್ಲಿ ಬಣ್ಣ ಅರೆಯುವುದು, ಹಲಗೆ ಹದಮಾಡುವುದು, ಚಿನ್ನದ ರೇಕು ಅಂಟಿಸುವುದು, ರೇಖೆ ಹಾಕುವುದು, ಮುಖ ಬರೆಯುವುದು ಎಂದು ಕೆಲಸಕ್ಕೆ ಮೆಟ್ಟಲುಗಳುಂಟು. ದೇವರ ಕಣ್ಣು ತೆರೆಯುವ ಕೆಲಸ ಎಲ್ಲಕ್ಕಿಂತ ಕಡೆಯದು. ಹುಡುಗನ ಕೈ ಎಲ್ಲಿಗೆ ಬಂದಿದೆ ಎಂಬುದನ್ನು ಗುರುವು ಮಾತಿನಲ್ಲಿ ಹೇಳಬೇಕಾಗಿರಲಿಲ್ಲ, ಮುಂದಿನ ಕೆಲಸ ಯಾವುದನ್ನು ಒಪ್ಪಿಸಿದನೆಂಬುದರಲ್ಲಿಯೇ ತೀರ್ಪು ಇತ್ತು. ಈ ಪದ್ಧತಿಯಲ್ಲಿ ದೋಷವಿರಲಿಲ್ಲವೆಂದಲ್ಲ. ಕುಲದ ಹೊರಗಿನವನಿಗೆ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಗುರುವಿನ ರೂಢಿಯನ್ನು ಮೀರಿ ನೋಡುವ ಶಿಷ್ಯನಿಗೆ ಸ್ಥಳವೂ ಕಡಮೆ. ಆದರೆ ಒಂದು ವಿಷಯದಲ್ಲಿ ಅದು ಇಂದಿನ ದಫ್ತರಕ್ಕಿಂತ ಬಹಳ ಮೇಲು: ಅಲ್ಲಿ ಪರೀಕ್ಷೆಯಿಂದ ಮುಂದಿನ ಪಾಠ ಹುಟ್ಟುತ್ತಿತ್ತು. ದಫ್ತರದ ಶ್ರೇಣಿಯಿಂದ ಹುಟ್ಟುವುದು ವರ್ಷದ ಕೊನೆಯ ಇನ್ನೊಂದು ಶ್ರೇಣಿ.

ಶಾಲೆಗಳಿಗೆ ಡ್ರಾಯಿಂಗ್ ಬಂದ ದಾರಿಯಾದರೋ ಬೇರೆ. ಇಂಗ್ಲೆಂಡಿನ ಸೌತ್ ಕೆನ್ಸಿಂಗ್‌ಟನ್ನಿನಲ್ಲಿ ೧೯ನೆಯ ಶತಮಾನದ ಮಧ್ಯಭಾಗದಲ್ಲಿ ರಿಚರ್ಡ್ ರೆಡ್‌ಗ್ರೇವ್ ಎಂಬವನು ಚಿತ್ರಶಿಕ್ಷಣವನ್ನು ೨೩ ಮೆಟ್ಟಲುಗಳಾಗಿ ವಿಂಗಡಿಸಿದನು. ನೇರ ಗೆರೆ, ಅಚ್ಚಿನ ಅಲಂಕಾರಗಳ ನಕಲು, ಗಚ್ಚಿನ ಮಾದರಿಗಳ ನಕಲು ಎಂದು ಆರಂಭವಾಗುವ ಆ ಕ್ರಮದ ನೆರಳು ಮದರಾಸು, ಕಲ್ಕತ್ತ, ಮುಂಬಯಿಗಳ ಕಲಾಶಾಲೆಗಳ ಮೇಲೆ ಬಿದ್ದಿತು. ಅಲ್ಲಿಂದ ಡ್ರಾಯಿಂಗ್ ಪುಸ್ತಕಗಳ ಮೂಲಕ ಹಳ್ಳಿಯ ಶಾಲೆಗೆ ಇಳಿಯಿತು. ನಕಲಿನಲ್ಲಿ ಒಂದು ಅನುಕೂಲವಿದೆ: ಅದನ್ನು ಅಳೆಯಬಹುದು. ಮೂಲವನ್ನು ಪಕ್ಕದಲ್ಲಿಟ್ಟು ಎಲ್ಲಿ ಎಷ್ಟು ತಪ್ಪಿತೆಂದು ಸ್ಕೇಲಿನಿಂದ ತೋರಿಸಬಹುದು. ಅಳೆಯಲು ಬರುವುದನ್ನೇ ಕಲಿಸುವ ಚಪಲ ಅಂದಿನಿಂದ ಇಂದಿನವರೆಗೂ ಪರೀಕ್ಷಕರನ್ನು ಬಿಟ್ಟಿಲ್ಲ.

ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯು ನಡೆಸುತ್ತ ಬಂದ ಲೋಯರ್, ಹೈಯರ್ ಎಂಬ ಡ್ರಾಯಿಂಗ್ ಪರೀಕ್ಷೆಗಳನ್ನು ಈ ಮಾತಿನಿಂದ ಹಳಿದಂತಾಗಬಾರದು. ಹಳ್ಳಿಯ ಎಷ್ಟೋ ಮಕ್ಕಳಿಗೆ ಪೆನ್ಸಿಲನ್ನು ಗಂಭೀರವಾಗಿ ಹಿಡಿಯಲು ದೊರೆತ ಒಂದೇ ಅವಕಾಶ ಅವು. ಎದುರಿಗಿಟ್ಟ ವಸ್ತುವನ್ನು ನೋಡಿ ಬರೆಯುವ ಪತ್ರಿಕೆಯಲ್ಲಿ ಕಣ್ಣಿನ ಪರೀಕ್ಷೆ ನಿಜವಾಗಿಯೇ ಆಗುತ್ತದೆ. ಆದರೆ ಒಂದು ಬೆಳಗ್ಗೆ ಕುಳಿತು ಬರೆದ ಹಾಳೆಯು ಕೈಯ ಪಳಗಿಕೆಯನ್ನು ಹೇಳಬಲ್ಲದೇ ಹೊರತು ಆ ಕೈ ಎಲ್ಲಿಂದ ಹೊರಟು ಎಲ್ಲಿಗೆ ಬಂದಿತೆಂಬುದನ್ನು ಹೇಳಲಾರದು. ಕೆ. ವೆಂಕಟಪ್ಪನವರ ಉದಾಹರಣೆ ಇಲ್ಲಿ ನೆನಪಿಗೆ ಬರುತ್ತದೆ. ಮೈಸೂರು ಅರಮನೆಯ ಚಿತ್ರಗಾರರ ಮನೆತನದಲ್ಲಿ ೧೮೮೬ರಲ್ಲಿ ಹುಟ್ಟಿದ ಅವರು ಮೈಸೂರಿನಲ್ಲಿಯೂ ಮದರಾಸಿನ ಕಲಾಶಾಲೆಯಲ್ಲಿಯೂ ಕಲಿತು, ೧೯೦೯ರಲ್ಲಿ ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಮನೆಯ ಕುಂಚ, ಶಾಲೆಯ ಪೆನ್ಸಿಲು, ಗುರುವಿನ ಕಣ್ಣು ಎಂಬ ಮೂರನ್ನೂ ಅವರು ಪಡೆದರು. ಕೈಯ ಶಿಸ್ತು ಬೇಡವೆನ್ನುವವರು ಅವರ ನೀಲಗಿರಿಯ ನಿಸರ್ಗಚಿತ್ರಗಳನ್ನು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ಒಮ್ಮೆ ನೋಡಿ ಬರಬಹುದು; ಶಿಸ್ತೊಂದೇ ಸಾಕೆನ್ನುವವರೂ ಅವನ್ನೇ ನೋಡಬಹುದು.

ಏಕೆಂದರೆ ಇದಕ್ಕೆ ವಿರುದ್ಧವಾದ ಪಕ್ಷವೂ ಒಂದಿದೆ. ಮಗುವಿನ ಚಿತ್ರವು ಅದರ ಅಂತರಂಗದ ಉಕ್ಕು, ಅದಕ್ಕೆ ಬೆಲೆಕಟ್ಟುವುದೇ ಪಾಪ ಎಂಬುದು ಆ ಪಕ್ಷ. ಲೋವೆನ್‌ಫೆಲ್ಡ್ ಅಂಕಗಳನ್ನೂ ಸ್ಪರ್ಧೆಗಳನ್ನೂ ಖಂಡಿಸಿದನು. ಶಾಂತಿನಿಕೇತನದಲ್ಲಿ ಕಲಿತು ೧೯೪೪ರಲ್ಲಿ ಸೇವಾಗ್ರಾಮಕ್ಕೆ ಬಂದು ಅಲ್ಲಿನ ಮಕ್ಕಳಿಗೆ ಚಿತ್ರ ಕಲಿಸಿದ ದೇವೀಪ್ರಸಾದರಿಗೂ ಸ್ಪರ್ಧೆಯ ಬುದ್ಧಿ ಹಿಡಿಸಲಿಲ್ಲ. ಇಷ್ಟರ ಮಟ್ಟಿಗೆ ಅವರು ಹೇಳಿದುದು ಸರಿ. ಆದರೆ ಅವರಿಬ್ಬರೂ ಮಕ್ಕಳ ಹಾಳೆಗಳನ್ನು ಗಂಟೆಗಟ್ಟಲೆ ನೋಡಿದವರು ಎಂಬುದನ್ನು ಅವರ ಹೆಸರು ಹೇಳುವವರು ಮರೆಯುತ್ತಾರೆ. ಅಂಕ ಬೇಡವೆಂದ ಮಾತ್ರಕ್ಕೆ ನೋಡುವುದೂ ಬೇಡವೆಂದಾಗಲಿಲ್ಲ. ಬಂದ ಹಾಳೆಗೆಲ್ಲ ‘ಚೆನ್ನಾಗಿದೆ’ ಎಂದು ಬರೆದು ಹಿಂದಿರುಗಿಸುವ ಉಪಾಧ್ಯಾಯರು ಎಲ್ಲರಿಗೂ ‘ಎ’ ಹಾಕುವ ಉಪಾಧ್ಯಾಯರ ಸೋದರರೇ. ದುಂಡು ಬಂಡೆಯ ಮೇಲೆ ಮೆಟ್ಟಲು ಹತ್ತಿಸಲಾರದೆ ಕುಳಿತ ಹುಡುಗಿಗೆ ಬೇಕಾದುದು ಹೊಗಳಿಕೆಯಲ್ಲ. ಮೆಟ್ಟಲು ಮೇಲೇರಿದಂತೆ ಕಿರಿದಾಗಿ ಕಾಣುತ್ತದೆಯೆ, ಬಂಡೆಯ ತಿರುವಿನಲ್ಲಿ ಅದು ಎಲ್ಲಿ ಕಣ್ಣಿಗೆ ಮರೆಯಾಗುತ್ತದೆ ಎಂದು ಕೇಳುವ ಒಬ್ಬರು ಬೇಕು.

ಅಮೆರಿಕದ ಹಾರ್ವರ್ಡ್ ವಿದ್ಯಾಪೀಠದಲ್ಲಿ ೧೯೬೭ರಲ್ಲಿ ನೆಲ್ಸನ್ ಗುಡ್‌ಮನ್ ಎಂಬ ತತ್ತ್ವಜ್ಞನು ಆರಂಭಿಸಿದ ‘ಪ್ರಾಜೆಕ್ಟ್ ಝೀರೋ’ ಎಂಬ ಸಂಶೋಧನಮಂಡಲಿಯು ಈ ಪ್ರಶ್ನೆಯನ್ನು ಬಹುಕಾಲ ಹಿಡಿದು ವಿಚಾರಿಸಿದೆ. ೧೯೮೦ರ ದಶಕದಲ್ಲಿ ಪಿಟ್ಸ್‌ಬರ್ಗ್ ನಗರದ ಶಾಲೆಗಳಲ್ಲಿ ಅದು ನಡೆಸಿದ ಪ್ರಯೋಗದಲ್ಲಿ ಮುಗಿದ ಚಿತ್ರವನ್ನು ಮಾತ್ರವಲ್ಲದೆ ಮೊದಲ ಗೀಚು, ಕೈಬಿಟ್ಟ ಯತ್ನ, ವಿದ್ಯಾರ್ಥಿಯೇ ಬರೆದಿಟ್ಟ ಟಿಪ್ಪಣಿ ಎಲ್ಲವನ್ನೂ ಒಂದು ಕಡತದಲ್ಲಿ ಕೂಡಿಸಿ ನೋಡುವ ಕ್ರಮ ಬಂದಿತು. ಅದೇ ಮಂಡಲಿಗೆ ಸೇರಿದವರು ೨೦೦೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚಿತ್ರದ ತರಗತಿಯಲ್ಲಿ ಬೆಳೆಯುವ ಬುದ್ಧಿಯ ಅಭ್ಯಾಸಗಳನ್ನು ಎಂಟಾಗಿ ಎಣಿಸಿದ್ದಾರೆ. ಕೈಯ ಕೌಶಲ, ಬಿಡದೆ ತೊಡಗುವುದು, ನಿಟ್ಟಿಸಿ ನೋಡುವುದು, ತನ್ನ ಕೆಲಸವನ್ನು ತಾನೇ ಪರಿಶೀಲಿಸುವುದು ಅವುಗಳಲ್ಲಿ ಕೆಲವು. ವಿಚಾರವು ಮೆಚ್ಚತಕ್ಕದ್ದು. ಅಪಾಯವಿರುವುದು ಎಂಟು ಅಭ್ಯಾಸಗಳು ಎಂಟು ಕಾಲಂಗಳಾಗಿಬಿಡುವುದರಲ್ಲಿ. ಒಂದು ಕಾಲಮ್ಮನ್ನೇ ನೋಡದೆ ತುಂಬುವ ಕೈ ಎಂಟನ್ನು ತುಂಬಲಾರದೆ? ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೇಳುವ ಪ್ರಗತಿಪತ್ರದಲ್ಲಿ ಮಗುವು ತನ್ನನ್ನು ತಾನೂ ಸಹಪಾಠಿಗಳನ್ನೂ ಬೆಲೆಕಟ್ಟುವ ಅವಕಾಶವಿದೆ. ಅದಕ್ಕೂ ಇದೇ ಮಾತು.

ಅಮೆರಿಕದ ಎಲಿಯಟ್ ಐಸ್ನರ್ ಎಂಬ ವಿದ್ವಾಂಸನು ಪರೀಕ್ಷಕನಿಗೆ ಬೇಕಾದುದು ಅಳತೆಗೋಲಲ್ಲ, ರಸಜ್ಞತೆ ಎಂದು ವಾದಿಸಿದನು. ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇದು ಹಳೆಯ ಪರಿಚಯ. ಕಾವ್ಯವನ್ನು ಸತತವಾಗಿ ಅಭ್ಯಾಸಮಾಡಿ ಮನಸ್ಸನ್ನು ಕನ್ನಡಿಯಂತೆ ತಿಳಿಯಾಗಿಸಿಕೊಂಡವನೇ ಸಹೃದಯನೆಂಬುದು ಅಭಿನವಗುಪ್ತನ ಮತ. ಸಹೃದಯತೆಯು ಹುಟ್ಟಿನಿಂದ ಬರುವ ವರವಲ್ಲ, ಅಭ್ಯಾಸದ ಫಲ ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಹಾಗಿದ್ದರೆ ಲೆಕ್ಕದ ಉಪಾಧ್ಯಾಯರಿಗೂ ಅದು ಅಸಾಧ್ಯವಲ್ಲ. ಮತ್ತು ಆ ಅಭ್ಯಾಸಕ್ಕೆ ಬಾಗೂರಿನವರು ದೂರ ಹೋಗಬೇಕಾಗಿಯೂ ಇಲ್ಲ.

ಸಮೀಪದ ನುಗ್ಗೇಹಳ್ಳಿಯಲ್ಲಿ ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಬೊಮ್ಮಣ್ಣ ದಂಡನಾಯಕನು ೧೨೪೬ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದರ ಹೊರಗೋಡೆಯ ಮೂರ್ತಿಗಳನ್ನು ಬಿಡಿಸಿದ ರೂವಾರಿಗಳಲ್ಲಿ ಬೈಚೋಜ, ಮಲ್ಲಿತಮ್ಮ ಎಂಬಿಬ್ಬರು ಮುಖ್ಯರು. ದಕ್ಷಿಣದ ಕಡೆ ಬೈಚೋಜನ ಕೈ, ಉತ್ತರದ ಕಡೆ ಮಲ್ಲಿತಮ್ಮನ ಕೈ ಎಂದು ತಜ್ಞರು ಗುರುತಿಸಿದ್ದಾರೆ. ಒಂದೇ ಗುಡಿ, ಒಂದೇ ಬಗೆಯ ಬಳಪದ ಕಲ್ಲು, ಒಂದೇ ಸಂಪ್ರದಾಯ. ಕೈ ಮಾತ್ರ ಎರಡು. ಗುಣಪರೀಕ್ಷೆಯನ್ನು ಕಲಿಯಬೇಕೆಂಬ ಉಪಾಧ್ಯಾಯರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ದೊರೆಯದು. ದಕ್ಷಿಣದ ಗೋಡೆಯ ಮುಂದೆ ಅರ್ಧ ಗಂಟೆ, ಉತ್ತರದ ಗೋಡೆಯ ಮುಂದೆ ಅರ್ಧ ಗಂಟೆ ನಿಂತು, ಭೇದವೆಲ್ಲಿದೆ ಎಂದು ತನ್ನ ಮಾತಿನಲ್ಲಿ ಎರಡು ವಾಕ್ಯ ಬರೆಯಲಾದರೆ ಮಕ್ಕಳ ನಲವತ್ತು ಹಾಳೆಗಳಲ್ಲಿ ನಲವತ್ತು ಕೈಗಳನ್ನು ಬೇರೆ ಬೇರೆಯಾಗಿ ಕಾಣುವುದು ಕಷ್ಟವಾಗದು. ಮಲ್ಲಿತಮ್ಮನ ಹೆಸರು ಅಮೃತಾಪುರದ ೧೧೯೬ರ ದೇವಾಲಯಕ್ಕೂ ಮುಂದೆ ಸೋಮನಾಥಪುರಕ್ಕೂ ಸೇರಿ ಬರುತ್ತದೆ. ಆರು ದಶಕಕ್ಕೂ ಮೀರಿದ ಆ ಕೆಲಸವೆಲ್ಲ ಒಬ್ಬನದೇ ಎಂಬ ಸಂಶಯ ಹುಟ್ಟುವುದು ಸಹಜ. ಒಬ್ಬನದೇ ಆಗಿದ್ದ ಪಕ್ಷದಲ್ಲಿ ಒಬ್ಬ ವಿದ್ಯಾರ್ಥಿಯ ಮೊದಲ ಹಾಳೆಯಿಂದ ಕಡೆಯ ಹಾಳೆಯವರೆಗೆ ಎಲ್ಲವೂ ಕಲ್ಲಿನಲ್ಲಿ ಉಳಿದುಬಂದ ಅಪರೂಪದ ಕಡತವದು.

ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವಾಗ ಕೌಶಿಕಿಯ ಎರಡನೆಯ ಸೂಚನೆ ನೆನಪಿರಲಿ. ಹೊಯ್ಸಳರ ಮೂರ್ತಿಯೆಂದರೆ ಮೈತುಂಬ ಆಭರಣ. ಮಗುವು ಹಾರದ ಮಣಿಗಳನ್ನು ಎಣಿಸುತ್ತ ಕುಳಿತು ಮೂರ್ತಿಯನ್ನೇ ಕಾಣದೆ ಹಿಂದಿರುಗುವುದುಂಟು. ಹಾರ, ಕಿರೀಟ, ಪ್ರಭಾವಳಿಗಳನ್ನೆಲ್ಲ ಬಿಟ್ಟು, ತಲೆಯಿಂದ ಹಿಮ್ಮಡಿಯವರೆಗೆ ಮೈ ಎಲ್ಲಿ ಬಾಗಿದೆ ಎಂಬ ಒಂದೇ ಗೆರೆಯನ್ನು ಮೊದಲು ಬರೆಯಿಸತಕ್ಕದ್ದು. ಹೊರಡುವ ಮುನ್ನ ಶಾಲೆಯಲ್ಲಿ ‘ನಿಂತ ಮನುಷ್ಯ’ ಎಂದು ಒಂದು ಹಾಳೆ. ಗುಡಿಯ ಮುಂದೆ ಒಂದು ಹಾಳೆ. ವಾರ ಕಳೆದ ಮೇಲೆ ನೆನಪಿನಿಂದ ಇನ್ನೊಂದು. ಮೂರನ್ನೂ ಪಕ್ಕಪಕ್ಕದಲ್ಲಿಟ್ಟರೆ ಅಂಕವಿಲ್ಲದೆಯೇ ವಿಷಯ ತಿಳಿಯುತ್ತದೆ. ಉಪಾಧ್ಯಾಯರು ಕೆಳಗೆ ಬರೆಯಬೇಕಾದುದೂ ಬಹಳವಲ್ಲ: ‘ಭಾರವು ಯಾವ ಕಾಲಿನ ಮೇಲಿದೆ ಎಂಬುದನ್ನು ಕಂಡಿದ್ದಾಳೆ. ತೋಳು ಇನ್ನೂ ಭುಜಕ್ಕೆ ಸೇರಿಲ್ಲ. ಮುಂದೆ, ಸೊಂಟದಲ್ಲಿ ಬಿಂದಿಗೆ ಇಟ್ಟು ನಿಂತವರನ್ನು ಬರೆಯಿಸುವುದು.’ ಈ ಮೂರು ವಾಕ್ಯಗಳಲ್ಲಿ ಕಡೆಯದಿಲ್ಲದಿದ್ದರೆ ಮೊದಲೆರಡಕ್ಕೆ ಬೆಲೆಯಿಲ್ಲ.

ನಲವತ್ತು ಮಕ್ಕಳಿಗೆ ಹೀಗೆ ಬರೆಯಲು ಸಮಯವೆಲ್ಲಿ ಎಂಬ ಆಕ್ಷೇಪಣೆ ನ್ಯಾಯವಾದುದು. ಒಂದು ಪೀರಿಯಡ್ಡಿನಲ್ಲಿ ನಲವತ್ತು ಹಾಳೆಗಳನ್ನು ನೋಡುವವರು ಒಂದನ್ನೂ ನೋಡುವುದಿಲ್ಲ. ವಾರಕ್ಕೆ ಐವರಂತೆ ನೋಡಿದರೆ ಎಂಟು ವಾರಕ್ಕೆ ತರಗತಿ ಮುಗಿಯುತ್ತದೆ. ವರ್ಷಕ್ಕೆ ಪ್ರತಿಯೊಂದು ಮಗುವಿಗೂ ಮೂರು ನಾಲ್ಕು ಸಲ ನಿಜವಾದ ನೋಟ ದಕ್ಕುತ್ತದೆ. ದಫ್ತರಕ್ಕೆ ಶ್ರೇಣಿ ಬೇಕೇ ಬೇಕೆಂದರೆ ಆ ಮೂರು ನಾಲ್ಕು ಟಿಪ್ಪಣಿಗಳಿಂದ ಅದನ್ನು ತೆಗೆಯುವುದು ಕಷ್ಟವಲ್ಲ, ಮತ್ತು ಆ ಶ್ರೇಣಿಗೆ ಆಧಾರವೇನೆಂದು ತಂದೆತಾಯಿಗಳು ಕೇಳಿದರೆ ತೋರಿಸಲು ಹಾಳೆಯೂ ಇರುತ್ತದೆ. ಸ್ಲೇಟಿನ ಮೇಲೆ ಚಿತ್ರ ಬರೆಯಿಸುವ ಅಭ್ಯಾಸವನ್ನು ಮಾತ್ರ ಬಿಡಬೇಕು. ಮುಂದಿನ ಪೀರಿಯಡ್ಡಿನ ಲೆಕ್ಕಕ್ಕಾಗಿ ಅದನ್ನು ಒರೆಸಿದೊಡನೆ ಮಗು ಬಂದ ದಾರಿಯೂ ಒರೆಸಿಹೋಗುತ್ತದೆ. ರಬ್ಬರಿನ ವಿಷಯದಲ್ಲಿಯೂ ಸ್ವಲ್ಪ ಕೃಪಣತನ ಲೇಸು. ತಪ್ಪಿದ ಮೂರು ಗೆರೆಗಳ ಪಕ್ಕದಲ್ಲಿ ನಾಲ್ಕನೆಯದು ಸರಿಯಾಗಿ ಬಂದಿದ್ದರೆ ಆ ಮೂರೂ ಹಾಳೆಯ ಮೇಲಿರುವುದೇ ಚೆಂದ. ಡ್ರಾಯಿಂಗ್ ಶೀಟೇ ಆಗಬೇಕೆಂದೇನೂ ಇಲ್ಲ. ಒಂದು ಬದಿ ಖಾಲಿಯಿರುವ ಯಾವ ಕಾಗದವಾದರೂ ಸಾಕು, ಮೂಲೆಯಲ್ಲಿ ತಾರೀಖು ಬರೆದಿದ್ದರೆ.

ಏಳನೆಯ ತರಗತಿಯನ್ನು ಮುಗಿಸಿ ಮಗು ಶಾಲೆ ಬಿಡುವ ದಿನ ಆ ಹಾಳೆಗಳನ್ನೆಲ್ಲ ಅದರ ಕೈಗೇ ಒಪ್ಪಿಸತಕ್ಕದ್ದು. ಶಾಲೆಯ ಬೀರುವಿನಲ್ಲಿ ಗೆದ್ದಲಿಗೆ ಆಹಾರವಾಗುವುದಕ್ಕಿಂತ ಮನೆಯ ಅಟ್ಟದ ಮೇಲಿರುವುದು ಮೇಲು. ತಾರೀಖಿನ ಕ್ರಮದಲ್ಲಿ ಜೋಡಿಸಿ, ಮೊದಲನೆಯ ಸೀನರಿಯನ್ನೂ ಬಿಡದೆ, ಒಂದು ದಾರದಿಂದ ಕಟ್ಟಿ ಕೊಟ್ಟರೆ ಸಾಕು.